ಐದೂವರೆ ಅಡಿ

"ಸೂಯಿ ಜಾ, ಗುನಗಾ" ಎಂದರು ಘಡಿಯಾಲಿ ಸಾಹೇಬರು.
ಮಲಗು ಅಂತ.
ಹಗಲು ಹನ್ನೊಂದಕ್ಕೆ, ಆಫೀಸಿನ ನೆಲದ ಮೇಲೆ.
ಕೆಲಸ ಹೋಯಿತೆಂದುಕೊಂಡೆ.
ಕುಮಟೆಯಿಂದ ಆಗಬೋಟಿನಲ್ಲಿ ಬಂದು ಎರಡೇ ತಿಂಗಳು,
ಮೇಣಬಟ್ಟೆಯ ಮೇಲೆ ಗೆರೆ ಇಳಿಸುವ ಕೂಲಿ,
ಮಸಿ ಚೆಲ್ಲಿದರೆ ಎರಡಾಣೆ ದಂಡ.

ಮಲಗಿದೆ.
ಪಗಡಿ ಕುರ್ಚಿಯ ಮೇಲಿಟ್ಟು ಅವರು ಮಂಡಿಯೂರಿದರು.
ಸೀಮೆಸುಣ್ಣದಲ್ಲಿ ನೆತ್ತಿಗೊಂದು ಗೀಟು, ಹಿಮ್ಮಡಿಗೊಂದು.
ಐದಡಿ ಮೂರಿಂಚು.
"ನಿದ್ದೆಯಲ್ಲಿ ಮನುಷ್ಯ ಸ್ವಲ್ಪ ಉದ್ದವಾಗುತ್ತಾನೆ,
ಮೂರಿಂಚು ಸೇರಿಸಿ ಬರೆದುಕೋ."

ಪರೇಲಿನ ಗಿರಣಿಗೆ ಚಾಳು ಕಟ್ಟುವ ಕಾಲ.
ನಾಲ್ಕು ಮಾಳಿಗೆ, ಮಾಳಿಗೆಗೆ ಇಪ್ಪತ್ತು ಖೋಲಿ,
ಹತ್ತಡಿಗೆ ಹನ್ನೆರಡು, ಮೂಲೆಗೊಂದು ಮೋರಿ,
ಹಿಂದಿನ ಗೋಡೆಗೊಂದು ಕಿಟಕಿ.
ಕಿಟಕಿಯನ್ನು ಏಜೆಂಟರು ಕೆಂಪು ಮಸಿಯಲ್ಲಿ ಹೊಡೆದರು.
ಒಂದಕ್ಕೆ ಮೂರೂವರೆ ರೂಪಾಯಿ,
ಎಂಬತ್ತಕ್ಕೆ ನೀವೇ ಲೆಕ್ಕ ಹಾಕಿ.
ಸಾಹೇಬರು ಹಾಕಿದರು. ಸುಮ್ಮನಾದರು.
ಎರಡು ದಿನ ಕೂತು
ಕ್ಷೌರದ ಕತ್ತಿಯಿಂದ ಎಂಬತ್ತು ಕಿಟಕಿ ಕೆರೆದವನು ನಾನು.
ಕೆರೆದ ಮೇಲೂ ಬಟ್ಟೆಯನ್ನು ಬೆಳಕಿಗೆ ಹಿಡಿದರೆ
ಎಂಬತ್ತು ತೆಳು ಚೌಕ.

ಆಮೇಲೆ ಗ್ಯಾಲರಿ. ನಾಲ್ಕಡಿ ಸಾಕು, ಎಂದರು ಏಜೆಂಟರು
ಉಗುರಿನಿಂದ ಹಲ್ಲು ಕೆದಕುತ್ತಾ.
ಸಾಹೇಬರು ಸುಳ್ಳು ಹೇಳಿದ್ದು ನಾನು ಕೇಳಿದ ಹಾಗೆ ಅದೊಂದೇ ಸಲ:
"ಜೂನಿನ ಎರಚಲು, ಶೇಟ್.
ನಾಲ್ಕಡಿಯಾದರೆ ಗೋಡೆ ಕುಡಿಯುತ್ತದೆ,
ಮೂರೇ ಮಳೆಗಾಲಕ್ಕೆ ಗಿಲಾವು ಉದುರುತ್ತದೆ.
ಐದೂವರೆ ಇಟ್ಟರೆ ಹತ್ತು ವರ್ಷ ನಿಶ್ಚಿಂತೆ."
ಸಹಿ ಬಿತ್ತು.
ಹೀಗೆ ನನ್ನ ಉದ್ದ
ಮಳೆಯ ಹೆಸರಿನಲ್ಲಿ ಮಂಜೂರಾಯಿತು.

ವರ್ಷ ಕಳೆದು ವೈಶಾಖದ ಒಂದು ರಾತ್ರಿ
ನೋಡಿ ಬರೋಣ ನಡೆ, ಎಂದರು.
ಖೋಲಿಗೆ ಐವರು ಎಂದು ನಕಾಶೆಯ ಅಂಚಿಗೆ ಬರೆದಿದ್ದೆವು.
ಒಂದರಲ್ಲಿ ಹದಿನಾಲ್ಕು ಟ್ರಂಕು ಎಣಿಸಿದೆ.
ಹಗಲುಪಾಳಿಯವನು ಎದ್ದ ಚಾಪೆಗೆ
ರಾತ್ರಿಪಾಳಿಯವನು ಬಂದು ಬೀಳುತ್ತಾನಂತೆ,
ಚಾಪೆ ಆರುವುದೇ ಇಲ್ಲವಂತೆ.
ಗ್ಯಾಲರಿಯ ತುಂಬ ಗಂಡಸರು,
ತಲೆ ಗೋಡೆಗೆ, ಕಾಲು ಕಟಾಂಜನಕ್ಕೆ,
ಪೆಟ್ಟಿಗೆಯೊಳಗಿನ ಬಾಬಿನುಗಳ ಹಾಗೆ.
ಹೆಂಗಸರು ಒಳಗೆ,
ಕಿಟಕಿ ಇಲ್ಲದ ಗೋಡೆಯ ಕಡೆ ಮುಖ ಮಾಡಿ.
ಅವರ ಉದ್ದ ಯಾರೂ ಅಳೆದಿರಲಿಲ್ಲ.

ಸಾಹೇಬರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದರು.
ಆದರೂ ಯಾರದೋ ಕೈ ತುಳಿದರು.
"ಕೋಣ್ ರೇ?" ಎಂದಿತು ನಿದ್ದೆ.
ಏನಂತ ಹೇಳುವುದು?
ನಲ್ಲಿಯ ಹತ್ತಿರ ಒಬ್ಬಾಕೆ ತೊಟ್ಟಿಕ್ಕುವ ನೀರಿಗೆ ಕೊಡವಿಟ್ಟು
ಕೂತಲ್ಲೇ ತೂಕಡಿಸುತ್ತಿದ್ದಳು;
ಕೊಡ ತುಂಬಿ ಹರಿಯುತ್ತಿತ್ತು.
ಸಾಹೇಬರು ಬಗ್ಗಿ ನಲ್ಲಿ ನಿಲ್ಲಿಸಿದರು.

ವಿಕ್ಟೋರಿಯಾ ಗಾಡಿ ಭಾಯಖಳಾ ಸೇತುವೆ ದಾಟುವವರೆಗೆ
ಬೂಟು ಮಡಿಲಲ್ಲೇ ಇತ್ತು.
"ಮೆಟ್ಟಿಲು ಕಡಿದಾಯಿತು, ಗುನಗಾ" ಎಂದರು.
ಅಷ್ಟೇ.

ಸಾಹೇಬರು ದುಂಗರವಾಡಿಯ ಗುಡ್ಡ ಹತ್ತಿ ಹನ್ನೆರಡು ವರ್ಷ.
ಆ ಚಾಳಿನ ಮೂರನೇ ಮಾಳಿಗೆಯಲ್ಲಿ
ಐವತ್ತಮೂರು ನಂಬರಿನ ಖೋಲಿ ಈಗ ನನ್ನದು, ಬಾಡಿಗೆಗೆ.
ಸೆಕೆಯ ರಾತ್ರಿ ಗ್ಯಾಲರಿಗೆ ಬಂದು ಅಡ್ಡಾಗುತ್ತೇನೆ.
ನೆತ್ತಿಗೆ ಗೋಡೆ, ಹಿಮ್ಮಡಿಯಾಚೆ ಆ ಮೂರಿಂಚು,
ಯಾರೂ ಒತ್ತುವರಿ ಮಾಡಿಲ್ಲ.
ಮಗ ಮಾತ್ರ ನನಗಿಂತ ಬೆಳೆದುಬಿಟ್ಟ.
ಅವನ ಪಾದಗಳು ಸರಳಿನ ಸಂದಿಯಿಂದ ಹೊರಗೆ,
ಪರೇಲಿನ ಬೀದಿಯ ಮೇಲೆ.

ಮೊನ್ನೆ ರಾತ್ರಿ ಗಣಪಿ ಒಳಗಿನಿಂದ ಕೇಳಿದಳು,
ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುವ ಸದ್ದಿನ ನಡುವೆ:
"ಈ ಗೋಡೆಗೊಂದು ಕಿಟಕಿ ಇಡಬೇಕು ಅಂತ
ಆಗ ಒಬ್ಬಂಗಾದ್ರೂ ಹೊಳೀಲಿಲ್ವಾ?"

ನಿದ್ದೆ ಬಂದವನ ಹಾಗೆ ಉಸಿರೆಳೆದೆ.
ಅವಳು ಸ್ವಲ್ಪ ಹೊತ್ತು ಕಾದಳು.
ಮತ್ತೆ ಸೆರಗಿನ ಸದ್ದು.